ಹಿಂಜಗಲಿಯ ಕಪ್ಪು

ಅಮ್ಮಣಿಗೆ ಬಣ್ಣಗಳ ಹೆಸರು ಬರುವುದಿಲ್ಲ ಎಂಬುದು ಮನೆಯವರೆಲ್ಲ ಎಂದೋ ತೀರ್ಮಾನಿಸಿಬಿಟ್ಟಿದ್ದ ವಿಷಯ. ಮಗಳು ಚಿತ್ರಾಳ ಮದುವೆಗೆ ಜವಳಿ ತೆಗೆಯಲು ಮಡಂತ್ಯಾರಿಗೆ ಹೋಗಿದ್ದಾಗ ಅವಳು ಅಂಗಡಿಯವನಿಗೆ, "ಹರಿವೆ ಸೊಪ್ಪು ಬೇಯಿಸಿದ ನೀರಿನ ಬಣ್ಣದ್ದು ಉಂಟಾ?" ಎಂದು ಕೇಳಿದ್ದಳು. ಅವನು ತಬ್ಬಿಬ್ಬಾಗಿ ಹಸಿರು ಸೀರೆ ತೆಗೆದ. "ಸೊಪ್ಪಿನದ್ದಲ್ಲ ಮಾರಾಯ, ನೀರಿನದ್ದು" ಎಂದಳು. ಗಂಡ ರುಕ್ಮಯ್ಯ ನಕ್ಕ, ಮಗ ಚಿದಾನಂದ ನಕ್ಕ, ಮದುಮಗಳು ಮುಖ ತಿರುಗಿಸಿಕೊಂಡು ನಕ್ಕಳು. ಆಮೇಲೆ ಹತ್ತು ವರ್ಷ ಆ ಮನೆಯಲ್ಲಿ ಯಾರಿಗೆ ಹೊಸ ಅಂಗಿ ಬಂದರೂ, "ಅಮ್ಮ, ಇದು ಯಾವ ಸಾಂಬಾರಿನ ಬಣ್ಣ?" ಎಂದು ಕೇಳುವುದು ಪದ್ಧತಿಯಾಯಿತು. ಅಮ್ಮಣಿಯೂ ನಗುತ್ತಿದ್ದಳು. ಕೈಯಲ್ಲಿ ಕೆಲಸವಿದ್ದಾಗ ನಗುವುದು ಸುಲಭ. ಅವಳ ಕೈಯಲ್ಲಿ ಯಾವಾಗಲೂ ಕೆಲಸವಿತ್ತು.

ಸಿದ್ಧಕಟ್ಟೆ ಪೇಟೆಯಿಂದ ಒಂದೂವರೆ ಮೈಲು ಒಳಗಿನ ಆ ಮನೆಗೆ ಟೈಲ್ಸ್ ಬಂದು ಎಂಟು ವರ್ಷವಾಗಿತ್ತು. ಮೇಸ್ತ್ರಿ ಒಳಗಿನ ಮೂರು ಕೋಣೆ ಮತ್ತು ಅಡುಗೆಮನೆ ಮುಗಿಸಿ, ಇನ್ನೆಲ್ಲೋ ಕೆಲಸ ಹಿಡಿದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಹಾಗಾಗಿ ಮುಂದಿನ ಜಗಲಿಯೂ ಅಡುಗೆಮನೆಯ ಹಿಂದಿನ ಚಿಕ್ಕ ಜಗಲಿಯೂ ಮಣ್ಣಿನ ನೆಲವಾಗಿಯೇ ಉಳಿದವು. ಟೈಲ್ಸ್ ಬಂದ ಮೇಲೆ ಅಮ್ಮಣಿಗೆ ಕೆಲಸ ಕಡಿಮೆಯಾಯಿತು ಎಂದು ರುಕ್ಮಯ್ಯ ನೆಂಟರಲ್ಲಿ ಹೇಳುತ್ತಿದ್ದ. ಒಳಗೆ ದಿನಾ ಒರೆಸಬೇಕು, ಹೊರಗೆ ವಾರಕ್ಕೊಮ್ಮೆ ಸಾರಿಸಬೇಕು. ಮೊದಲು ಒಂದು ಬಗೆಯ ಕೆಲಸವಿದ್ದದ್ದು ಈಗ ಎರಡು ಬಗೆಯದಾಗಿತ್ತು, ಅಷ್ಟೇ.

ಸಾರಿಸುವುದೆಂದರೆ ಸೆಗಣಿ ನೀರು ಚಿಮುಕಿಸಿ ಕೈ ತೊಳೆದುಕೊಳ್ಳುವುದಲ್ಲ. ಬಚ್ಚಲೊಲೆಯಲ್ಲಿ ತೆಂಗಿನ ಗೆರಟೆ ಉರಿದು ಕೆಂಡವಾದ ಹೊತ್ತಿಗೆ ತೆಗೆದು ನೀರು ಹಾಕಿ ಆರಿಸಬೇಕು. ಆ ಮಸಿಯನ್ನು ಕಲ್ಲಿನಲ್ಲಿ ಅರೆದು ಹಳೆಯ ಪಂಚೆಯ ತುಂಡಿನಲ್ಲಿ ಸೋಸಬೇಕು. ಆ ಬೆಳಗಿನದೇ ಸೆಗಣಿಗೆ ಅದನ್ನು ಬೆರೆಸಿ, ದೋಸೆ ಹಿಟ್ಟಿಗಿಂತ ಒಂದಿಷ್ಟು ಗಟ್ಟಿಯಾಗಿ ಕಲಸಬೇಕು. ಬೇರೆ ಮನೆಯವರು ಕಪ್ಪು ಬರಲೆಂದು ಟಾರ್ಚಿನ ಹಳೆ ಸೆಲ್ ಒಡೆದು ಹಾಕುತ್ತಿದ್ದರು. ಅಮ್ಮಣಿಗೆ ಅದರಿಂದ ಕೈ ತುರಿಸುತ್ತಿತ್ತು. ಮದುವೆಯಾಗಿ ಬಂದ ಎರಡನೇ ವರ್ಷ, ತಲೆಗೆ ಹಚ್ಚಿ ಉಳಿದಿದ್ದ ದಾಸವಾಳ ಸೊಪ್ಪಿನ ಲೋಳೆ ಕೈತಪ್ಪಿ ಬಾಲ್ದಿಗೆ ಬಿತ್ತು. ಚೆಲ್ಲುವುದಕ್ಕೆ ಮನಸ್ಸು ಬರದೆ ಹಾಗೆಯೇ ಸಾರಿಸಿದಳು. ಆ ವಾರ ನೆಲ ಬಿರಿಯಲಿಲ್ಲ, ಧೂಳು ಏಳಲಿಲ್ಲ, ಅರೆ ಒಣಗಿದಾಗ ಹೊಳೆಕಲ್ಲಿನಿಂದ ಉಜ್ಜಿದರೆ ಮಿರುಗಿತು. ಅಂದಿನಿಂದ ಅವಳ ಹದ ಅದೇ. ಮಸಿ ಹೆಚ್ಚೋ ಕಡಿಮೆಯೋ ಎಂದು ಮೊದಲು ಹಿಂಜಗಲಿಯಲ್ಲಿ ಸಾರಿಸಿ ನೋಡುವುದು, ಸರಿ ಬಂದರೆ ಮುಂದಿನ ಜಗಲಿಗೆ.

ಅಡಿಕೆ ಹಾಳೆಯ ಅಂಗೈಯಗಲದ ತುಂಡು ಹಿಡಿದು ಕುಕ್ಕರಗಾಲಿನಲ್ಲಿ ಕೂತರೆ, ಕೈ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಒಂದು ಅರ್ಧಚಂದ್ರ. ಒಂದು ಗೇಣು ಹಿಂದೆ ಸರಿಯುವುದು, ಮತ್ತೊಂದು ಅರ್ಧಚಂದ್ರ. ಒಣಗಿದ ಮೇಲೆ ನೆಲದ ತುಂಬ ಮೀನಿನ ಪೊರೆಯಂತೆ ಸಾಲುಗಳು. ಒಂದೊಂದು ಅರ್ಧಚಂದ್ರವೂ ಅವಳ ತೋಳಿನಷ್ಟೇ ಉದ್ದ. ನಲವತ್ತು ವರ್ಷದಿಂದ ಎಲ್ಲರೂ ಅದರ ಮೇಲೆ ನಡೆದಿದ್ದರು. ಯಾರೂ ನೋಡಿರಲಿಲ್ಲ.

ಮೊದಲು ನೋಡಿದವಳು ಶುಭಶ್ರೀ.

ಕಳೆದ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ, ಹೆಗಲಿಗೊಂದು ಚೀಲ, ಕೈಯಲ್ಲೊಂದು ಕ್ಯಾಮೆರಾ ಹಿಡಿದು ನೀರು ಕೇಳಿಕೊಂಡು ಬಂದಳು. ವಯಸ್ಸು ಮೂವತ್ತು ಇರಬಹುದು, ಊರು ಮೂಡುಬಿದಿರೆ. ಅಲ್ಲಿನ ಒಂದು ಟ್ರಸ್ಟಿನವರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳೆಯ ಮನೆ, ಗುಡಿ, ಬಸದಿಗಳಿಂದ ಬಣ್ಣಗಳನ್ನು ಆರಿಸಿ ಎಂಟು ಬಣ್ಣದ ಒಂದು ಕಾರ್ಡು ಮಾಡುತ್ತಿದ್ದರು. ಆಮೇಲೆ ಅದೇ ಬಣ್ಣಗಳಲ್ಲಿ ಬಟ್ಟೆ, ಚೀಲ, ಗೋಡೆಯ ಪೈಂಟು ಎಲ್ಲ ಬರುವುದೆಂದು ಯೋಜನೆ. ಶುಭಶ್ರೀಯದ್ದು ವಿನ್ಯಾಸದ ಕೆಲಸ. ನೆರೆಮನೆಯ ಹಳೆಯ ಬಾಗಿಲ ಕೆತ್ತನೆಯ ಫೋಟೋ ತೆಗೆಯಲು ಬಂದಿದ್ದವಳು ಈ ಮನೆಯ ಜಗಲಿ ಹತ್ತಿ, ನೀರಿನ ಚೆಂಬು ಕೆಳಗಿಟ್ಟು, ಅಂಗೈಯನ್ನು ನೆಲದ ಮೇಲಿಟ್ಟಳು.

"ಇದು ಯಾರು ಮಾಡಿದ್ದು?"

ಅಮ್ಮಣಿ ಹಿಂದೆ ತಿರುಗಿ ನೋಡಿದಳು, ಬೇರೆ ಯಾರಲ್ಲಿಯಾದರೂ ಕೇಳುತ್ತಿದ್ದಾಳೋ ಎಂದು. "ಯಾರು ಅಂದ್ರೆ? ಸಾರಿಸಿದ್ದು ನಾನು."

"ಈ ಕಪ್ಪು ಹೇಗೆ ಬಂತು ಅಕ್ಕ?"

"ಗೆರಟೆಮಸಿ. ಅಲ್ಲಿ ಮೂಲೆಯಲ್ಲಿ ಸ್ವಲ್ಪ ತೆಳು ಆಗಿದೆ, ಅದು ಗೇರುಬೀಜ ಸುಟ್ಟ ಕೈ ಹಾಗೆ ಕಾಣ್ತದೆ. ಮುಂದಿನ ವಾರ ಸರಿ ಮಾಡ್ತೇನೆ."

ಶುಭಶ್ರೀ ಪುಸ್ತಕ ತೆಗೆದು ಅದನ್ನು ಬರೆದುಕೊಂಡಳು. ಬಣ್ಣದ ಹೆಸರು ಹೇಳಿದ್ದಕ್ಕೆ ನಗದೆ ಬರೆದುಕೊಂಡವರನ್ನು ಅಮ್ಮಣಿ ಮೊದಲ ಸಲ ನೋಡಿದ್ದು.

ಹೊರಡುವಾಗ ಶುಭಶ್ರೀ ಹೇಳಿದಳು: "ಏಳು ಬಣ್ಣ ಸಿಕ್ಕಿದೆ ಅಕ್ಕ. ಬಸದಿಯ ಕಲ್ಲು, ಯಕ್ಷಗಾನದ ಕಿರೀಟ, ದೀಪದ ಹಿತ್ತಾಳೆ, ಹೀಗೆ. ಎಲ್ಲ ಚಂದ ಉಂಟು, ಆದರೆ ಎಲ್ಲ ಹಬ್ಬದ ದಿನದ್ದೇ ಆಯ್ತು. ಕಪ್ಪು ಸಿಕ್ಕಿರಲಿಲ್ಲ. ನಮ್ಮ ಅಧ್ಯಕ್ಷರಿಗೆ ಫೋಟೋ ತೋರಿಸಿದ್ರೆ ಸಾಕಾಗುದಿಲ್ಲ, ಕಣ್ಣಾರೆ ನೋಡಬೇಕು ಅಂತಾರೆ. ಫೆಬ್ರವರಿಯಲ್ಲಿ ಕರ್ಕೊಂಡು ಬರ್ತೇನೆ. ಅವರು ಒಪ್ಪಿದ್ರೆ ಕಾರ್ಡಿನಲ್ಲಿ ಇದೇ ಮೊದಲ ಬಣ್ಣ."

ಅಂದಿನಿಂದ ಅಮ್ಮಣಿಗೆ ಒಂದೇ ಆಸೆ. ಆ ಅಧ್ಯಕ್ಷರು ಬಂದು ತನ್ನ ನೆಲವನ್ನು ನೋಡಬೇಕು. ದಾಟುವುದಲ್ಲ, ತುಳಿಯುವುದಲ್ಲ, ನಿಂತು ನೋಡಬೇಕು. ಆ ಮೇಲೆ ಒಪ್ಪಿದರೆ ಒಪ್ಪಲಿ, ಬಿಟ್ಟರೆ ಬಿಡಲಿ. ಈ ಆಸೆಯನ್ನು ಅವಳು ಹೇಳಿಕೊಂಡದ್ದು ನೆರೆಯ ಖತೀಜಮ್ಮನಲ್ಲಿ ಮಾತ್ರ. ಖತೀಜಮ್ಮ ಎರಡು ಗೋಣಿ ಗೆರಟೆ ತಂದು ಸುರಿದು, "ನನ್ನ ಗೆರಟೆಯ ಹೆಸರು ಸಹ ಹೇಳ್ಬೇಕು ಮತ್ತೆ" ಎಂದಳು.

ಅಧ್ಯಕ್ಷರು ಬರುವುದೆಂದು ಶುಭಶ್ರೀ ಫೋನಿನಲ್ಲಿ ತಿಳಿಸಿದ ದಿನ ಕೆಡ್ಡಸದ ನಡುವಿನ ದಿನವಾಗಿತ್ತು. ಕೆಡ್ಡಸವೆಂದರೆ ಭೂಮಿ ಮುಟ್ಟಾಗಿ ಕೂರುವ ಮೂರು ದಿನ. ಆ ಮೂರು ದಿನ ನೆಲ ಅಗೆಯುವಂತಿಲ್ಲ, ಕೆರೆಯುವಂತಿಲ್ಲ, ಹಾರೆ ಮುಟ್ಟುವಂತಿಲ್ಲ. ಕೊನೆಯ ದಿನ ಹೆಂಗಸರು ಅಂಗಳದಲ್ಲಿ ಎಣ್ಣೆ, ಸೀಗೆ, ಅರಸಿನ ಇಟ್ಟು ಭೂಮಿಗೆ ಸ್ನಾನ ಮಾಡಿಸುತ್ತಾರೆ. ಭೂಮಿಗೆ ವಿಶ್ರಾಂತಿ. ಅಮ್ಮಣಿಗೆ ಆ ಮೂರು ದಿನ ಕುಚ್ಚಲಕ್ಕಿ ಹುರಿದು, ಕುಟ್ಟಿ, ಬೆಲ್ಲ ತೆಂಗಿನಕಾಯಿ ಸೇರಿಸಿ ನನ್ನೆರಿ ಮಾಡಿ ನಾಲ್ಕು ಮನೆಗೆ ಹಂಚುವ ಕೆಲಸ. ಏನಾದರೂ ಆಗಲಿ ಎಂದು ಕೆಡ್ಡಸಕ್ಕೆ ಎರಡು ದಿನ ಮೊದಲೇ ಅವಳು ಎರಡೂ ಜಗಲಿ ಸಾರಿಸಿ ಮುಗಿಸಿದಳು. ಮೊದಲು ಒಂದು ಕೈ, ಅದು ಒಣಗಿದ ಮೇಲೆ ಇನ್ನೊಂದು, ಮತ್ತೆ ಹೊಳೆಕಲ್ಲು. ಸಂಜೆ ಬೆಳಕು ಓರೆಯಾಗಿ ಬಿದ್ದಾಗ ಮುಂದಿನ ಜಗಲಿಯ ಅರ್ಧಚಂದ್ರಗಳು ಒಂದೊಂದಾಗಿ ಎದ್ದು ಕಂಡವು. ಅವಳು ಅಂಗಳದಲ್ಲಿ ನಿಂತು ತಾನೇ ಒಮ್ಮೆ ನೋಡಿದಳು.

ಮರುದಿನ ಪುಂಜಾಲಕಟ್ಟೆಯಿಂದ ಚಿತ್ರಾಳ ಫೋನು. ಮಗುವಿಗೆ ಜ್ವರ, ಅವಳಿಗೆ ಶಾಲೆಯಲ್ಲಿ ರಜೆ ಸಿಗುವುದಿಲ್ಲ. ಚಿತ್ರಾಳ ಗಂಡನಿಗೆ ರಜೆಯಿತ್ತು, ಆದರೆ ಗಂಜಿ ಬೇಯಿಸಲು ಬಾರದು. ಅಮ್ಮಣಿ ಬಸ್ಸು ಹಿಡಿದು ಹೋದಳು. ಮಗುವಿನ ಜ್ವರ ಇಳಿದ ಮೇಲೆ, ಅಳಿಯನ ಕೈಯಲ್ಲೇ ಒಲೆ ಹಚ್ಚಿಸಿ, ಗಂಜಿಗೆ ನೀರೆಷ್ಟು ಎಂದು ಎರಡು ಸಲ ತೋರಿಸಿಕೊಟ್ಟು, ಕೆಡ್ಡಸದ ಮೊದಲ ದಿನ ಮಧ್ಯಾಹ್ನ ಹಿಂತಿರುಗಿದಳು.

ಬೇಲಿಯ ದಣಪೆ ದಾಟುವಾಗಲೇ ವಾಸನೆ ಹೊಡೆಯಿತು. ಟರ್ಪೆಂಟೈನಿನದ್ದು.

ಅಂಗಳದಲ್ಲಿ ರುಕ್ಮಯ್ಯನೂ ಚಿದಾನಂದನೂ ಕುರ್ಚಿ ಹಾಕಿ ಕೂತಿದ್ದರು, ಮದುವೆ ಮುಗಿಸಿ ದಣಿದವರ ಹಾಗೆ. ಚಿದಾನಂದ ಕೆಲಸ ಮಾಡುವುದು ಮಡಂತ್ಯಾರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ. ಅವನ ಕಾಲ ಬಳಿ ಪೈಂಟಿನ ಡಬ್ಬಿ, ಬ್ರಶ್ಶು. ಜಗಲಿಯ ನೆಲ ಈ ತುದಿಯಿಂದ ಆ ತುದಿಯವರೆಗೆ ಕಂದು ಬಣ್ಣವಾಗಿ, ಎಣ್ಣೆ ಚೆಲ್ಲಿದ ಹಾಗೆ ಹೊಳೆಯುತ್ತಿತ್ತು.

"ನೋಡು," ಎಂದ ರುಕ್ಮಯ್ಯ. "ಕನ್ನಡಿ ಹಾಗೆ ಆಗಿದೆ. ಡಾರ್ಕ್ ಬ್ರೌನ್."

ಅಮ್ಮಣಿ ಚೀಲ ಕೆಳಗಿಡಲಿಲ್ಲ. "ಯಾಕೆ ಹಾಕಿದ್ದು?"

"ಯಾಕೆ ಅಂದ್ರೆ? ನಾಳೆ ಮೂಡುಬಿದಿರೆಯಿಂದ ಅಷ್ಟು ದೊಡ್ಡ ಜನ ಬರುವಾಗ ಅವರನ್ನು ಸೆಗಣಿ ನೆಲದಲ್ಲಿ ಕೂರಿಸುದಾ? ನಿನಗೆ ಮರ್ಯಾದೆ ಇರ್ಲಿ ಅಂತ ಬೆಳಿಗ್ಗೆಯಿಂದ ಇಬ್ಬರೂ ಬಗ್ಗಿ ಬಗ್ಗಿ ಹಾಕಿದ್ದು. ನನ್ನ ಸೊಂಟ ಹಿಡಿದಿದೆ."

"ಅವರು ಬರುದೇ ಆ ನೆಲ ನೋಡ್ಲಿಕ್ಕೆ."

"ನೆಲ ಎಲ್ಲಿ ಹೋಗಿದೆ? ಅಲ್ಲೇ ಉಂಟಲ್ಲ, ಅಡಿಯಲ್ಲಿ."

ಚಿದಾನಂದನಿಗೆ ಅಷ್ಟರಲ್ಲಿ ಏನೋ ಹೊಳೆದಿರಬೇಕು. "ಅಮ್ಮ, ನಾನು ಅವರು ಮನೆ ನೋಡ್ಲಿಕ್ಕೆ ಬರ್ತಾರೆ ಅಂತ ಗ್ರಹಿಸಿದ್ದು," ಎಂದ ಮೆಲ್ಲಗೆ.

ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಖತೀಜಮ್ಮ ಕೈಯಲ್ಲಿದ್ದ ಲುಂಗಿಯನ್ನು ಹಾಗೇ ಹಿಡಿದು ಹೇಳಿದಳು: "ಬಣ್ಣ ಹಾಕುವ ಮೊದಲು ಒಂದು ಫೋನು ಮಾಡ್ಲಿಕ್ಕೆ ಆಗ್ಲಿಲ್ವಾ ರುಕ್ಮಯ್ಯಣ್ಣ? ಉಪ್ಪಿನ ಭರಣಿ ಎಲ್ಲಿ ಉಂಟು ಅಂತ ಕೇಳ್ಲಿಕ್ಕೆ ನಿನ್ನೆ ಮೂರು ಸಲ ಮಾಡಿದ್ರಲ್ಲ, ಇಲ್ಲಿಯವರೆಗೆ ಕೇಳಿತ್ತು."

ಅಮ್ಮಣಿ ಚೀಲವನ್ನು ತುಳಸಿಕಟ್ಟೆಯ ಮೇಲಿಟ್ಟು ನೇರ ಕೊಟ್ಟಿಗೆಯ ಗೋಡೆಗೆ ಹೋಗಿ ಅಂಗಳ ಕೆರೆಯುವ ಹಾರೆ ತೆಗೆದಳು. ರುಕ್ಮಯ್ಯ ಎದ್ದು ನಿಂತ. "ಏ, ಏ. ಇವತ್ತು ಕೆಡ್ಡಸ ಮಾರಾಯ್ತಿ. ಹಾರೆ ಮುಟ್ಟುವ ಹಾಗಿಲ್ಲ."

ಅವಳ ಕೈ ಅಲ್ಲಿಯೇ ನಿಂತಿತು. ಅದು ಹುಟ್ಟಿದ ಲಾಗಾಯ್ತಿನಿಂದ ಪಾಲಿಸಿಕೊಂಡು ಬಂದದ್ದು. ಮುಟ್ಟಾದವಳ ಮೈ ಕೆರೆಯುವುದು ಹೇಗೆ? ಹಾರೆಯನ್ನು ಮೊದಲಿದ್ದಲ್ಲಿಯೇ ಒರಗಿಸಿ ಒಳಗೆ ಹೋದಳು. ಶುಭಶ್ರೀಗೆ ಫೋನು ಮಾಡಿ ಬರಬೇಡಿ ಎನ್ನಲೇ ಎಂದುಕೊಂಡಳು. ಫೋನು ಕೈಗೆ ತೆಗೆದುಕೊಂಡು ಮತ್ತೆ ಇಟ್ಟಳು. ಏನೆಂದು ಹೇಳುವುದು? ನೆಲಕ್ಕೆ ಹುಷಾರಿಲ್ಲ ಎಂದೇ? ಆಮೇಲೆ ಒಲೆಯ ಮೇಲೆ ಬಾಣಲೆಯಿಟ್ಟು ಅಕ್ಕಿ ಹುರಿಯತೊಡಗಿದಳು. ನನ್ನೆರಿ ಆಗಲೇಬೇಕಿತ್ತು. ಕೋಪ ಬಂದರೂ ಬೇಸರ ಬಂದರೂ ಹುರಿಯುವ ಕೈ ನಿಂತರೆ ಅಕ್ಕಿ ಸೀಯುತ್ತದೆ.

ಮರುದಿನ ಹತ್ತು ಗಂಟೆಗೆ ಕಾರು ಬಂತು. ಶುಭಶ್ರೀಯ ಜೊತೆ ಇಳಿದವರು ಟ್ರಸ್ಟಿನ ಅಧ್ಯಕ್ಷ ರಾಮಪ್ರಸಾದ್, ನಿವೃತ್ತ ಉಪನ್ಯಾಸಕರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಒಂದೊಂದು ಶಬ್ದವನ್ನೂ ತೂಕ ಮಾಡಿ ಆಡುವ ಮಾತು. ರುಕ್ಮಯ್ಯ ಕೈ ಮುಗಿದು ಜಗಲಿಯ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದ. ಶುಭಶ್ರೀ ಮೆಟ್ಟಿಲಲ್ಲಿಯೇ ನಿಂತುಬಿಟ್ಟಳು. ನೆಲ ನೋಡಿದಳು, ಅಮ್ಮಣಿಯ ಮುಖ ನೋಡಿದಳು.

"ನಿನ್ನೆಯೇ ಹಾಕಿದ್ದು ಸರ್," ಎಂದ ರುಕ್ಮಯ್ಯ. "ನಿಮಗೋಸ್ಕರ."

"ಹಾಗಾ? ಸಂತೋಷ," ಎಂದರು ರಾಮಪ್ರಸಾದ್. ಅವರ ತೊಡೆಯ ಮೇಲೆ ಒಂದು ಕಡತವಿತ್ತು. "ಆದರೆ ಶುಭಶ್ರೀ, ನೀವು ಹೇಳಿದ ಆ ಕೃಷ್ಣವರ್ಣದ ನೆಲ ಎಲ್ಲಿ? ಇದು ಪೇಟೆಯಲ್ಲಿ ಸಿಗುವ ಪೈಂಟ್ ಅಲ್ಲವಾ?"

ಶುಭಶ್ರೀ ಬಾಯಿ ತೆರೆಯುವ ಮೊದಲೇ ರುಕ್ಮಯ್ಯ, "ಹೌದು ಸರ್, ಒಳ್ಳೆ ಕಂಪೆನಿದು" ಎಂದ.

ರಾಮಪ್ರಸಾದ್ ಕಡತ ತೆರೆದರು. "ಹಾಗಾದರೆ ಕಪ್ಪನ್ನು ಬಿಟ್ಟು ಏಳೇ ಬಣ್ಣ ಇಟ್ಟುಕೊಳ್ಳುವ. ಬಸದಿ ಬಂಗಾರ, ಕಿರೀಟ ಕೆಂಪು, ಎಲ್ಲ ಸರಿಯಾಗಿಯೇ ಉಂಟು. ಯೋಜನೆಯ ಹೆಸರು 'ತೌಳವ ವರ್ಣವೈಭವ' ಅಂತ ನಾನು ಸೂಚಿಸಿದ್ದು. ಗಾಂಭೀರ್ಯ ಉಂಟು. ಇಂದೇ ನಿಶ್ಚಯ ಮಾಡಿದರೆ ಮುದ್ರಣಕ್ಕೆ ಕೊಡಬಹುದು. ಹೊರಡುವನಾ?"

ಅಮ್ಮಣಿ ಒಳಬಾಗಿಲ ದಾರಂದದ ಬಳಿ ನನ್ನೆರಿಯ ತಟ್ಟೆ ಹಿಡಿದು ನಿಂತಿದ್ದಳು. ರಾಮಪ್ರಸಾದ್ ಏಳಲು ನೋಡಿದರು. ಕುರ್ಚಿ ಅವರ ಜೊತೆಗೇ ಎದ್ದಿತು. ಮಣ್ಣಿನ ನೆಲದ ಮೇಲೆ ಹಾಕಿದ ಪೈಂಟು ಒಣಗುವುದು ಎಲ್ಲಿಂದ ಬಂತು? ಕುರ್ಚಿಯ ನಾಲ್ಕು ಕಾಲುಗಳೂ ಅಂಟಿಕೊಂಡಿದ್ದವು. ಚಿದಾನಂದ ಓಡಿ ಬಂದು ಹಿಡಿದೆಳೆದ. ಚರ್ ಎಂದು ನಾಲ್ಕು ತುಂಡು ಕಂದು ಸಿಪ್ಪೆ ಕುರ್ಚಿಯ ಕಾಲಿನೊಂದಿಗೆ ಎದ್ದು ಬಂತು. ಅಡಿಯಲ್ಲಿ ನಾಲ್ಕು ದುಂಡಗಿನ ಕಪ್ಪು.

ಎಲ್ಲರೂ ಆ ನಾಲ್ಕು ಚುಕ್ಕೆಗಳನ್ನು ನೋಡಿದರು.

ಈಗ ಹೇಳದಿದ್ದರೆ ಕಾರು ಹೊರಟುಹೋಗುತ್ತದೆ ಎಂದು ಅಮ್ಮಣಿಗೆ ಗೊತ್ತಾಯಿತು. ಹಿಂಜಗಲಿಗೆ ನೆಂಟರನ್ನು ಕರೆಯುವ ಕ್ರಮ ಆ ಮನೆಯಲ್ಲಿ ಇರಲಿಲ್ಲ, ಯಾವ ಮನೆಯಲ್ಲೂ ಇರಲಿಲ್ಲ. ಅಲ್ಲಿ ಬೆಳಗ್ಗಿನ ಮುಸುರೆ ಪಾತ್ರೆ ಹಾಗೇ ಬಿದ್ದಿತ್ತು. ಅವಳ ಒಗೆದ ಬಟ್ಟೆ ಹಗ್ಗದ ಮೇಲಿತ್ತು. ಅವಳು ತಟ್ಟೆಯನ್ನು ಶುಭಶ್ರೀಯ ಕೈಗೆ ಕೊಟ್ಟಳು.

"ಸರ್, ಹಿಂದೆ ಬನ್ನಿ."

ರುಕ್ಮಯ್ಯ ಕಣ್ಣಲ್ಲೇ ಬೇಡವೆಂದ. ಆಮೇಲೆ ಬಾಯಲ್ಲೂ ಹೇಳಿದ: "ಅಲ್ಲಿ ಎಂತ ಉಂಟು? ಪಾತ್ರೆ ರಾಶಿ ಬಿದ್ದಿದೆ."

"ಇರ್ಲಿ. ಪಾತ್ರೆ ಅವರ ಮನೆಯಲ್ಲೂ ಬೀಳ್ತದೆ."

ಮನೆಯ ಬದಿಯಿಂದ ಸುತ್ತಿ ಬಂದ ರಾಮಪ್ರಸಾದ್ ಹಿಂಜಗಲಿ ಹತ್ತುವ ಮೊದಲು ಚಪ್ಪಲಿ ಬಿಟ್ಟರು. ಯಾರೂ ಹೇಳಿರಲಿಲ್ಲ. ಹತ್ತು ಅಡಿ ಉದ್ದ, ಐದಡಿ ಅಗಲದ ಜಗಲಿ. ಒಂದು ಬದಿಗೆ ಅರೆಯುವ ಕಲ್ಲು, ಗೋಡೆಗೊರಗಿದ ಗೆರಸೆ, ಒಣಹಾಕಿದ ಪುನರ್ಪುಳಿ ಹಣ್ಣಿನ ಸಿಪ್ಪೆಯ ತಡಪೆ. ನಲವತ್ತು ವರ್ಷ ಎಲ್ಲ ಹದಗಳನ್ನೂ ಮೊದಲು ಕುಡಿದ ನೆಲ ಅದು. ಮುಂದಿನದಕ್ಕಿಂತ ಇಮ್ಮಡಿ ಕಪ್ಪು. ಕಪ್ಪಿನೊಳಗೆ ಅರ್ಧಚಂದ್ರಗಳ ಸಾಲು, ಅದರಡಿಯಲ್ಲಿ ಇನ್ನೂ ಹಳೆಯ ಸಾಲು, ನೀರಿನ ಕೆಳಗೆ ಕಂಡ ಹಾಗೆ.

ರಾಮಪ್ರಸಾದ್ ಪಂಚೆ ಎತ್ತಿ ಹಿಡಿದು ನೆಲದ ಮೇಲೆಯೇ ಕೂತರು. ಶುಭಶ್ರೀ ಕಡತದಿಂದ ತನ್ನ ಬಣ್ಣದ ಕಾಗದಗಳನ್ನು ತೆಗೆದು ಒಂದೊಂದಾಗಿ ಆ ಕಪ್ಪಿನ ಮೇಲೆ ಇಟ್ಟಳು. ಬಸದಿ ಬಂಗಾರ ಇಟ್ಟಳು. ಚೆನ್ನಾಗಿ ಕಂಡಿತು.

"ಇದಕ್ಕೆ ನೀವು ಏನು ಹೇಳ್ತೀರಿ ಅಮ್ಮಣಿಯಕ್ಕ?"

"ಬಂಗಾರ ಎಲ್ಲಿಯದ್ದು? ಅದು ಒಣಗಿದ ಅಡಿಕೆ ಹಾಳೆ. ಮಳೆಗೆ ಮೊದಲು ಹೆಕ್ಕಿ ತಂದದ್ದು, ಒಂದು ಹನಿ ನೀರೂ ಬೀಳದ್ದು."

"ಈ ಹಸಿರು?"

"ಕಡುಬು ಬೇಯಿಸಿದ ಮೇಲೆ ಬಿಚ್ಚುವ ಅರಸಿನ ಎಲೆ. ಹಸಿ ಎಲೆ ಅಲ್ಲ, ಬೆಂದದ್ದು."

"ಕಿರೀಟ ಕೆಂಪು?"

ಅಮ್ಮಣಿ ತಡಪೆಯಿಂದ ಒಂದು ಪುನರ್ಪುಳಿ ಸಿಪ್ಪೆ ತೆಗೆದು ಕಾಗದದ ಬಳಿಯಿಟ್ಟಳು. "ಮೂರನೇ ದಿನದ ಬಿಸಿಲಿನದ್ದು. ನಾಲ್ಕನೇ ದಿನ ಆದ್ರೆ ಕಪ್ಪಾಗ್ತದೆ." ಆಮೇಲೆ ತೆಳು ಗುಲಾಬಿಯಂತಿದ್ದ ಒಂದು ಕಾಗದ ನೋಡಿ, "ಇದು ಕುಚ್ಚಲಕ್ಕಿ ತೊಳೆದ ಎರಡನೇ ನೀರು. ಮೊದಲಿನದ್ದು ಮಂದ ಇರ್ತದೆ, ದನಕ್ಕೆ. ಅದರ ಮುಂದಿನದ್ದು ಹರಿವೆ ಬೇಯಿಸಿದ ನೀರು. ಇವರೆಲ್ಲ ಅದಕ್ಕೆ ನಗಾಡುದು."

ಹಿಂಬಾಗಿಲಲ್ಲಿ ನಿಂತಿದ್ದ ಚಿದಾನಂದ ತಲೆ ಕೆರೆದುಕೊಂಡ. ಶುಭಶ್ರೀ ಬರೆಯುತ್ತಲೇ ಇದ್ದಳು. ಅವಳ ಪೆನ್ನಿಗೆ ಬಿಡುವಿರಲಿಲ್ಲ.

"ಈ ಕೆಲಸಕ್ಕೆ ಎಂತ ಹೇಳುದು ನೀವು?" ಎಂದು ಕೇಳಿದಳು, ನೆಲ ತೋರಿಸಿ.

"ಸಾರಣೆ. ಮತ್ತೆಂತ ಹೇಳುದು?"

"ಸರ್," ಎಂದಳು ಶುಭಶ್ರೀ, "ಯೋಜನೆಗೆ ಅದೇ ಹೆಸರು ಇಡುವ."

ರಾಮಪ್ರಸಾದ್ ಕನ್ನಡಕ ತೆಗೆದರು. "ಸಾರಣೆ ಅಂದರೆ, ಅದು ಸೆಗಣಿಯ ಕೆಲಸ ಅಲ್ಲವಾ ಶುಭಶ್ರೀ? ಸಭೆಯಲ್ಲಿ ಹೇಳಿದರೆ ಜನ ನಗಬಹುದು. ಪರಂಪರೆ ಅಂದ ಮೇಲೆ ಒಂದು ಘನತೆ ಬೇಕು."

ಅಮ್ಮಣಿಗೆ ಸಭೆಯ ವಿಷಯ ಗೊತ್ತಿರಲಿಲ್ಲ. ಅವಳು ಸುಮ್ಮನೆ ಕೇಳಿದಳು: "ನಿಮ್ಮ ಮನೆಯಲ್ಲಿ ಯಾರು ಸಾರಿಸ್ತಾ ಇದ್ದದ್ದು ಸರ್?"

ಅವರು ನೆಲದ ಮೇಲೆ ಬೆರಳಾಡಿಸಿದರು. "ಅಮ್ಮ. ನಾನು ಶಾಲೆಗೆ ಹೊರಡುವ ಹೊತ್ತಿಗೇ ಸಾರಿಸುವುದು. ಒಣಗುವವರೆಗೆ ಬದಿಯಿಂದ ಹೋಗು ಅಂತ ಹೇಳುತ್ತಿದ್ದರು. ನಾನು ಹಾರುತ್ತಿದ್ದೆ. ಒಂದು ಹೆಜ್ಜೆ ಬೀಳುತ್ತಿತ್ತು, ನಡುವಿನಲ್ಲಿ. ಸಂಜೆ ಬರುವಾಗ ಹೆಜ್ಜೆ ಇರುತ್ತಿರಲಿಲ್ಲ." ಕಪ್ಪಿನ ಮೇಲೆ ಅಂಗೈಯಿಟ್ಟು ಹೇಳಿದರು: "ಅದನ್ನು ಮತ್ತೆ ಯಾರೋ ಸರಿ ಮಾಡಿರಬೇಕು ಅಂತ ನನಗೆ ಹೊಳೆದದ್ದೇ ಇಲ್ಲ ನೋಡಿ, ಇಷ್ಟು ವರ್ಷ."

ರಾಮಪ್ರಸಾದ್ ಕಡತದ ಮೇಲಿನ ಹಾಳೆಯಲ್ಲಿದ್ದ ಉದ್ದದ ಹೆಸರಿಗೆ ಗೀಟು ಹಾಕಿ ಕೆಳಗೆ ಒಂದು ಶಬ್ದ ಬರೆದರು. ಬರೆದದ್ದನ್ನು ದೂರ ಹಿಡಿದು ನೋಡಿದರು. "ಚಿಕ್ಕದಾಗಿ ಉಂಟು. ಆಗಬಹುದು," ಎಂದರು.

ಕಾರ್ಡಿನಲ್ಲಿ ಪ್ರತಿ ಬಣ್ಣದ ಕೆಳಗೆ ಅದು ಎಲ್ಲಿಂದ ಬಂತು ಎಂದು ಬರೆಯುವುದಿತ್ತು. ಶುಭಶ್ರೀ ಪೆನ್ನು ಹಿಡಿದು, "ಗೆರಟೆಮಸಿ. ಹೆಸರು?" ಎಂದು ಕೇಳಿದಳು.

ರುಕ್ಮಯ್ಯ ಬಾಗಿಲಿನಿಂದ ಮುಂದೆ ಬಂದ. ಹೆಮ್ಮೆಯಿಂದಲೇ ಹೇಳಿದ: "ರುಕ್ಮಯ್ಯನ ಮನೆ, ಸಿದ್ಧಕಟ್ಟೆ ಅಂತ ಬರೀರಿ ಮೇಡಂ. ಇಲ್ಲಿ ಎಲ್ಲರಿಗೂ ಗೊತ್ತುಂಟು."

ಅಮ್ಮಣಿ ಮುಸುರೆ ಪಾತ್ರೆಗಳನ್ನು ಬದಿಗೆ ಸರಿಸುತ್ತಿದ್ದವಳು ತಲೆಯೆತ್ತಿದಳು. ಸ್ವರ ಏರಿಸಲಿಲ್ಲ.

"ಎದುರಿನ ಜಗಲಿಗೆ ಇವರ ಹೆಸರೇ ಬರೀರಿ. ಡಾರ್ಕ್ ಬ್ರೌನ್, ರುಕ್ಮಯ್ಯ. ಇದಕ್ಕೆ ನನ್ನದು."

ಬೇಲಿಯಾಚೆಯಿಂದ ಖತೀಜಮ್ಮನ ನಗು ಕೇಳಿಸಿತು. ಅವಳು ಅಲ್ಲಿ ಎಷ್ಟು ಹೊತ್ತಿನಿಂದ ಬಟ್ಟೆ ಒಣಹಾಕುತ್ತಿದ್ದಳೋ. ರುಕ್ಮಯ್ಯನ ಮುಖ ಒಮ್ಮೆ ಬಿಗಿಯಿತು. ಆಮೇಲೆ ಅವನು ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ಉಗುರುಗಳ ಸಂದಿಯಲ್ಲಿ ಕಂದು ಪೈಂಟು ಇನ್ನೂ ಹೋಗಿರಲಿಲ್ಲ. "ಹೌದು, ಅದು ನಾನು ಮಾಡಿದ್ದೇ," ಎಂದ. ಅಲ್ಲಿದ್ದವರಲ್ಲಿ ಮೊದಲು ನಕ್ಕದ್ದು ಚಿದಾನಂದ. ಬಳಿಕ ರಾಮಪ್ರಸಾದ್ ಕೂಡ ನಕ್ಕರು, ನನ್ನೆರಿ ಗಂಟಲಿಗೆ ಸಿಕ್ಕುವಷ್ಟು. ಶುಭಶ್ರೀ ನಗಲಿಲ್ಲ, ಬರೆದಳು. ಅಮ್ಮಣಿ, ಸಿದ್ಧಕಟ್ಟೆ. ಬರೆದದ್ದನ್ನು ಅಮ್ಮಣಿಯ ಎದುರು ಹಿಡಿದಳು. ಅಮ್ಮಣಿ ಅಕ್ಷರ ಅಕ್ಷರ ಕೂಡಿಸಿ ಓದಿ, "ಗೆರಟೆ ಖತೀಜಮ್ಮನದ್ದು ಅಂತಲೂ ಹಾಕಿ, ಚಿಕ್ಕದಾಗಿಯಾದರೂ" ಎಂದಳು.

ಕೆಡ್ಡಸದ ಮೂರನೇ ದಿನ ಅಂಗಳದಲ್ಲಿ ಭೂಮಿಗೆ ಎಣ್ಣೆ ಎರೆದಾಯಿತು. ಮರುದಿನ ಬೆಳಿಗ್ಗೆ ಅಮ್ಮಣಿ ಚಹಾ ಕುಡಿದು ಲೋಟ ಕೆಳಗಿಟ್ಟು ಹೇಳಿದಳು: "ಹಾರೆ ಮುಟ್ಟಬಹುದು ಇವತ್ತು. ಹಾಕಿದವರೇ ಕೆರೆಯಿರಿ."

ರುಕ್ಮಯ್ಯನೂ ಚಿದಾನಂದನೂ ಕೆರೆದರು. ಪೈಂಟು ಸಿಪ್ಪೆಯಾಗಿ ಎದ್ದಿತು, ಅದರೊಡನೆ ಕಪ್ಪೂ ಎದ್ದಿತು. ಮಧ್ಯಾಹ್ನದ ಹೊತ್ತಿಗೆ ಜಗಲಿ ಕೆಂಪು ಮಣ್ಣಾಗಿ ಬರಿದಾಯಿತು. ಚಿದಾನಂದ ಅಂಗಡಿಗೆ ಹೋದ. ಅಮ್ಮಣಿ ಮಸಿ ಅರೆದು, ಲೋಳೆ ಹಿಂಡಿ, ಬಾಲ್ದಿ ತಂದು ಗಂಡನ ಮುಂದಿಟ್ಟಳು. ಹಾಳೆಯ ತುಂಡನ್ನೂ ಅವನ ಕೈಗೇ ಕೊಟ್ಟಳು.

"ನನಗೆಲ್ಲಿ ಬರ್ತದೆ ಇದು?"

"ಪೈಂಟು ಬಂತಲ್ಲ."

ಅರವತ್ತೇಳು ವರ್ಷದ ರುಕ್ಮಯ್ಯ ಗೋಡೆ ಹಿಡಿದು ಕುಕ್ಕರಗಾಲಿನಲ್ಲಿ ಕೂತ. ಮೊದಲ ಕೈ ಎಳೆದಾಗ ನಡುವೆ ಮಣ್ಣು ಉಳಿಯಿತು. ಎರಡನೆಯದಕ್ಕೆ ಗಡ್ಡೆ ಕಟ್ಟಿತು. ಹತ್ತನೆಯದರ ಹೊತ್ತಿಗೆ ಮೊಣಕಾಲು ಹಿಡಿದುಕೊಂಡು, "ಇದು ದಿನಾ ಹೇಗೆ ಮಾಡ್ತಿ ಮಾರಾಯ್ತಿ?" ಎಂದ.

"ದಿನಾ ಅಲ್ಲ, ವಾರಕ್ಕೊಮ್ಮೆ. ದಿನಾ ಮಾಡುದು ಬೇರೆ ಕೆಲಸ."

ಅವನು ಎಡಚ. ಅವನ ಅರ್ಧಚಂದ್ರಗಳು ಅವಳವಕ್ಕೆ ತಿರುಗಾಮುರುಗಾ ಬಿದ್ದವು, ತೋಳು ಉದ್ದವಾದ್ದರಿಂದ ದೊಡ್ಡದಾಗಿ, ಅಂಚು ವಕ್ರವಾಗಿ. ಮೂರನೇ ಒಂದು ಪಾಲು ಮುಗಿದಾಗ ಸಾಕಾಗಿ ಎದ್ದ. ಉಳಿದದ್ದನ್ನು ಅಮ್ಮಣಿ ಮಾಡಿದಳು. ಅವನದ್ದೂ ಅವಳದ್ದೂ ಕೂಡುವ ಕಡೆ ಬಂದಾಗ ಅವಳ ಕೈ ತಾನಾಗಿ ಅವನ ವಕ್ರ ಸಾಲುಗಳ ಮೇಲೆ ಹೋಯಿತು, ಸರಿ ಮಾಡಲು. ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಹಾಗೇ ಇರಲಿ. ಮುಂದಿನ ವಾರ ಅವನೇ ಸರಿ ಮಾಡಲಿ.

ಏಪ್ರಿಲಿನಲ್ಲಿ ಕಾರ್ಡು ಅಚ್ಚಾಗಿ ಬಂತು. ಮೇಲೆ ದಪ್ಪ ಅಕ್ಷರದಲ್ಲಿ 'ಸಾರಣೆ', ಕೆಳಗೆ ಎಂಟು ಬಣ್ಣ. ಚಿದಾನಂದ ಒಂದನ್ನು ಅಂಗಡಿಗೆ ಒಯ್ದು ಪೈಂಟು ಕಂಪೆನಿಗಳ ಕಾರ್ಡುಗಳ ಪಕ್ಕದಲ್ಲಿ ತೂಗುಹಾಕಿದ. ಒಂದು ದಿನ ಮಧ್ಯಾಹ್ನ, ಅಮ್ಮಣಿ ಹಿಂಜಗಲಿಯಲ್ಲಿ ಕೂತು ಹರಿವೆ ಸೋಸುತ್ತಿದ್ದಾಗ ಫೋನು ಮಾಡಿದ.

"ಅಮ್ಮ, ಇಲ್ಲಿ ಬೆಳ್ತಂಗಡಿಯವರು ಒಬ್ಬರು ಬಂದಿದ್ದಾರೆ. ಅವರ ಹೊಸ ಮನೆಗೆ ಆ ಕಪ್ಪೇ ಬೇಕಂತೆ. ಪೈಂಟು ಬೇಡ, ನೆಲವೇ ಬೇಕಂತೆ. ಹೇಗೆ ಮಾಡುದು ಅಂತ ಕೇಳ್ತಾರೆ. ನಾನು ಎಂತ ಹೇಳ್ಲಿ?"

ಅಮ್ಮಣಿ ಫೋನನ್ನು ಹೆಗಲು ಕಿವಿಯ ನಡುವೆ ಸಿಕ್ಕಿಸಿಕೊಂಡು, ಸೊಪ್ಪಿನ ದಂಟು ಮುರಿದು ಬದಿಗಿಟ್ಟಳು.

"ಅವರ ಮನೆಯಲ್ಲಿ ಸಾರಿಸುದು ಯಾರು ಅಂತ ಮೊದಲು ಕೇಳು. ಅವರನ್ನೇ ಕರ್ಕೊಂಡು ಬಾ. ಗಂಡಸರಾದ್ರೂ ಅಡ್ಡಿಯಿಲ್ಲ, ಇಲ್ಲಿ ನಿನ್ನ ಅಪ್ಪ ಕಲಿಸ್ತಾರೆ."